ಅವತಾರ ತಾಳುವ ಮುನ್ನ

‘ಅವತಾರ’ವೆಂದರೆ ಕೆಳಗಿಳಿದು ಬರುವುದು. ಮೇಲಿನ ಲೋಕದವನು ಭೂಮಿಗೆ ಇಳಿಯುವಾಗ ಇಲ್ಲಿಗೆ ತಕ್ಕ ದೇಹವೊಂದನ್ನು ಧರಿಸುತ್ತಾನೆಂಬುದು ನಮ್ಮ ಪೂರ್ವಿಕರ ಕಲ್ಪನೆ. ಗಣಕಯಂತ್ರದೊಳಗಿನ ಮಾಯಾಲೋಕಕ್ಕೆ ಇಳಿಯುವ ಮನುಷ್ಯನು ಅಲ್ಲಿ ಧರಿಸುವ ಚಿತ್ರರೂಪದ ದೇಹಕ್ಕೆ ಪಾಶ್ಚಾತ್ಯರು ನಮ್ಮ ಈ ಪದವನ್ನೇ ಎರವಲು ಪಡೆದು ‘ಅವತಾರ್’ ಎಂದು ಹೆಸರಿಟ್ಟಿದ್ದಾರೆ. 1980ರ ದಶಕದಲ್ಲಿ ಲೂಕಾಸ್‌ಫಿಲ್ಮ್ ಸಂಸ್ಥೆಯ ‘ಹ್ಯಾಬಿಟಾಟ್’ ಎಂಬ ಆಟದಲ್ಲಿ ಈ ಬಳಕೆಯಿತ್ತು. 1992ರಲ್ಲಿ ಪ್ರಕಟವಾದ ನೀಲ್ ಸ್ಟೀಫನ್‌ಸನ್ ಅವರ ‘ಸ್ನೋ ಕ್ರ್ಯಾಶ್’ ಕಾದಂಬರಿಯು ಅದನ್ನು ಜನಪ್ರಿಯಗೊಳಿಸಿತು.

ಆರೋಗ್ಯದ ಪುಟಗಳಲ್ಲಿ ಈ ವಿಷಯವೇಕೆಂದು ವಾಚಕರು ಕೇಳಬಹುದು. ನಾಗಪುರದ ಮೇ ತಿಂಗಳಲ್ಲಿ ಉಷ್ಣಮಾನವು 45 ಡಿಗ್ರಿ ಮುಟ್ಟಿದಾಗ ಮಕ್ಕಳನ್ನು ಮಧ್ಯಾಹ್ನ ಹೊರಗೆ ಬಿಡುವಂತಿಲ್ಲ. ಕೂಲರಿನ ಮುಂದೆ ಕುಳಿತ ಮಕ್ಕಳು ‘ರೋಬ್ಲಾಕ್ಸ್’ನಂತಹ ಲೋಕಗಳಲ್ಲಿ ಸಂಚರಿಸುತ್ತಿರುತ್ತಾರೆ. ದೂರದೂರಿನ ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಅಜ್ಜ ಅಜ್ಜಿಯರೂ ಅಲ್ಲಿಗೆ ಕಾಲಿಡುವುದುಂಟು. ಹೊಸಬರನ್ನು ಆ ಲೋಕವು ಕೇಳುವ ಮೊದಲ ಪ್ರಶ್ನೆಯೇ ‘ನಿಮಗೆ ಯಾವ ರೂಪ ಬೇಕು?’ ಎಂಬುದು. ನಾವು ಕೊಡುವ ಉತ್ತರವು ಪರದೆಯ ಮೇಲೆಯೇ ಉಳಿಯದೆ ನಮ್ಮ ಮನಸ್ಸಿನೊಳಕ್ಕೂ ಇಳಿಯುತ್ತದೆ ಎಂಬುದನ್ನು ಮನೋವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದ್ದಾರೆ.

ಯಕ್ಷಗಾನವನ್ನು ನೋಡಿ ಬೆಳೆದವರಿಗೆ ಇದು ತೀರ ಹೊಸ ಮಾತಲ್ಲ. ಕಥಕಳಿಯಲ್ಲಿ ಚುಟ್ಟಿ ಇಡುವುದಕ್ಕೆ ಬೇರೆ ಕುಶಲಿಗಳಿರುತ್ತಾರೆ. ಯಕ್ಷಗಾನದಲ್ಲಾದರೋ ವೇಷಧಾರಿಯು ಚೌಕಿಯಲ್ಲಿ ಕನ್ನಡಿ ಹಿಡಿದು ತನ್ನ ಮುಖವನ್ನು ತಾನೇ ಬರೆದುಕೊಳ್ಳುವುದು ಸಂಪ್ರದಾಯ. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಗಂಟೆಗಟ್ಟಲೆ ಕಾಲ ಹಿಡಿಯುತ್ತದೆ. ಆಟ ಮುಗಿದ ಮೇಲೆ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತಾರೆ. ಮಾಯಾಲೋಕದ ವೇಷಕ್ಕೆ ಇಷ್ಟು ಕಾಲವೂ ಬೇಡ, ಬಣ್ಣ ತೆಗೆಯುವ ಶ್ರಮವೂ ಇಲ್ಲ. ತೊಡಕು ಇರುವುದೂ ಅಲ್ಲಿಯೇ.

2003ರಲ್ಲಿ ಅಮೆರಿಕದ ಲಿಂಡೆನ್ ಲ್ಯಾಬ್ ಸಂಸ್ಥೆಯು ತೆರೆದ ‘ಸೆಕೆಂಡ್ ಲೈಫ್’ ಎಂಬ ಲೋಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಹೊಸಬನು ಮೊದಲು ಸಿದ್ಧರೂಪಗಳಲ್ಲಿ ಒಂದನ್ನು ಆರಿಸುತ್ತಾನೆ. ಒಳಹೊಕ್ಕ ಬಳಿಕ ತನ್ನ ಆಕೃತಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ ರೂಪ ತಿದ್ದುವ ಫಲಕವನ್ನು ತೆರೆಯಬಹುದು. ಎತ್ತರ, ಮೈಯ ದಪ್ಪ, ಮೂಗು, ಗಲ್ಲ ಮೊದಲಾದ ಒಂದೊಂದಕ್ಕೂ ಸೊನ್ನೆಯಿಂದ ನೂರರವರೆಗೆ ಸರಿಸುವ ಪಟ್ಟಿಗಳಿರುತ್ತವೆ. ಕೆಲವು ಸಿದ್ಧರೂಪಗಳು ತಿದ್ದುಪಡಿಗೆ ಒಪ್ಪುವುದಿಲ್ಲ. ಒಪ್ಪುವಂತಹದನ್ನು ತಿದ್ದುವ ಮೊದಲು ಅದರ ಒಂದು ಪ್ರತಿಯನ್ನು ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳುವುದು ಜಾಣತನ. ಎತ್ತರವನ್ನೂ ಕೈಕಾಲುಗಳ ಅಳತೆಯನ್ನೂ ಮೊದಲು ನಿಶ್ಚಯಿಸಿ ಅನಂತರ ಮುಖಕ್ಕೆ ಬರಬೇಕು. ಎದುರಿನಿಂದ ಮಾತ್ರವಲ್ಲದೆ ಪಕ್ಕದಿಂದಲೂ, ನಡೆಯಿಸಿಯೂ ನೋಡಬೇಕು; ನಿಂತಾಗ ಸುಂದರವಾಗಿ ಕಂಡ ಆಕೃತಿಯು ನಡೆದಾಗ ಕೊಕ್ಕರೆಯಾಗುವುದುಂಟು!

ಎತ್ತರದ ಪಟ್ಟಿಯನ್ನು ಸರಿಸುವಾಗ ಮನಸ್ಸಿನಲ್ಲಿ ಏನಾಗುತ್ತದೆ? 2007ರಲ್ಲಿ ನಿಕ್ ಯೀ ಮತ್ತು ಜೆರೆಮಿ ಬೈಲೆನ್ಸನ್ ಎಂಬ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರಿಗೆ ಎತ್ತರದ, ಕೆಲವರಿಗೆ ಗಿಡ್ಡನೆಯ ಅವತಾರಗಳನ್ನು ಕೊಟ್ಟು ಹಣ ಹಂಚಿಕೊಳ್ಳುವ ಚೌಕಾಸಿಗೆ ಬಿಡಲಾಯಿತು. ಎತ್ತರದ ರೂಪ ದೊರೆತವರು ತಮಗೇ ಹೆಚ್ಚು ಪಾಲು ಬರುವಂತೆ ಪಟ್ಟು ಹಿಡಿದರು. ಗಿಡ್ಡ ರೂಪದವರು ಅನ್ಯಾಯದ ಪಾಲಿಗೂ ಹೆಚ್ಚಾಗಿ ತಲೆಯಾಡಿಸಿದರು. ಅವರ ನಿಜವಾದ ಎತ್ತರಕ್ಕೂ ಇದಕ್ಕೂ ಸಂಬಂಧವಿರಲಿಲ್ಲ, ರೂಪಗಳನ್ನು ಕೊಟ್ಟವರು ಸಂಶೋಧಕರೇ. ಬೇಕಾದ ರೂಪ ತಾಳಬಲ್ಲ ಗ್ರೀಕ್ ಸಮುದ್ರದೇವತೆಯ ಹೆಸರಿನಿಂದ ಇದನ್ನು ‘ಪ್ರೋಟಿಯಸ್ ಪರಿಣಾಮ’ವೆಂದು ಕರೆದರು. ನಮ್ಮಲ್ಲಿಯಾಗಿದ್ದರೆ ‘ಕಾಮರೂಪಿ’ ಎಂಬ ಹೆಸರು ಸಿದ್ಧವಾಗಿಯೇ ಇತ್ತು.

ಈ ಪರಿಣಾಮದಿಂದ ಉಪಕಾರವೂ ಉಂಟು. 2009ರ ಇನ್ನೊಂದು ಅಧ್ಯಯನದಲ್ಲಿ, ತಮ್ಮದೇ ಮುಖಚಹರೆಯ ಅವತಾರವು ಓಡುವುದನ್ನು ನೋಡಿದವರು ಮುಂದಿನ 24 ಗಂಟೆಗಳಲ್ಲಿ ಇತರರಿಗಿಂತ ಹೆಚ್ಚು ವ್ಯಾಯಾಮ ಮಾಡಿದರು. ಬೇರೊಬ್ಬರ ಮುಖದ ಅವತಾರವನ್ನು ನೋಡಿದವರಲ್ಲಿ ಆ ಉತ್ಸಾಹ ಅಷ್ಟಾಗಿ ಕಾಣಲಿಲ್ಲ. ಆದುದರಿಂದ ಮೊದಲ ಅವತಾರವು ನಮ್ಮ ನಿಜವಾದ ಮೈಕಟ್ಟಿಗೆ ಹತ್ತಿರವಾಗಿರುವುದು ಲೇಸೆಂಬುದು ನನ್ನ ಅಭಿಪ್ರಾಯ. ಡ್ರ್ಯಾಗನ್ನು, ರಾಕ್ಷಸ, ರಾಜಕುಮಾರಿಯರ ರೂಪಗಳನ್ನು ಆಮೇಲೆ ಧಾರಾಳವಾಗಿ ತೊಡಬಹುದು. ಮರಳಿ ಬರಲು ಒಂದು ಸ್ವಂತ ರೂಪವಿದ್ದರಾಯಿತು.

ಇನ್ನು ಮೈಬಣ್ಣದ ಮಾತು. 1975ರಲ್ಲಿ ಚರ್ಮರೋಗ ತಜ್ಞ ಥಾಮಸ್ ಫಿಟ್ಸ್‌ಪ್ಯಾಟ್ರಿಕ್ ಅವರು ಬಿಸಿಲಿಗೆ ಚರ್ಮವು ಹೇಗೆ ವರ್ತಿಸುತ್ತದೆಂಬುದರ ಮೇಲೆ ಒಂದು ವರ್ಗೀಕರಣವನ್ನು ಮಾಡಿದರು. ಮೊಬೈಲಿನ ಎಮೋಜಿಗಳಿಗೆ 2015ರಲ್ಲಿ ಬಂದ ಐದು ಮೈಬಣ್ಣಗಳು ಇದನ್ನೇ ಆಧರಿಸಿವೆ. ವೈದ್ಯರಿಗೆ ಅದು ಬಿಸಿಲಿನ ಲೆಕ್ಕ. ನಮ್ಮ ಮನೆಗಳಲ್ಲಾದರೋ ಅದು ವಧೂವರರ ಜಾಹೀರಾತಿನ ‘ಗೋಧಿ ಮೈಬಣ್ಣ’ದ ಲೆಕ್ಕ! ‘ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀ’ ಎಂದು ಕೇಳುತ್ತಲೇ ಬೆಳೆದ ಹುಡುಗಿಯು ತನ್ನ ಅವತಾರಕ್ಕೆ ತನ್ನದಕ್ಕಿಂತ ಎರಡು ಛಾಯೆ ಬಿಳುಪಾದ ಬಣ್ಣವನ್ನೂ ಅರ್ಧದಷ್ಟು ಸೊಂಟವನ್ನೂ ಆರಿಸಿದರೆ ಆಶ್ಚರ್ಯವೇನು? ಅದನ್ನು ಕಂಡು ಗದರಿಸಬಾರದು, ನಗಲೂಬಾರದು. ‘ಇವಳು ಯಾರಮ್ಮ? ಇವಳಲ್ಲಿ ನಿನಗೆ ಏನು ಇಷ್ಟವಾಯಿತು?’ ಎಂದು ಪಕ್ಕದಲ್ಲಿ ಕುಳಿತು ಕೇಳಬೇಕು. ಬಹುಪಾಲು ಮಕ್ಕಳಿಗೆ ಅದು ತಾನ್ಹಾ ಪೋಳಾದ ಮರದ ಎತ್ತಿಗೆ ಸಿಂಗಾರ ಮಾಡಿದಷ್ಟೇ ಸರಳವಾದ ಆಟ. ಆದರೆ ಮಗು ಕನ್ನಡಿಯಿಂದ ಮುಖ ತಿರುಗಿಸುತ್ತಿದ್ದರೆ, ಫೋಟೋಕ್ಕೆ ನಿಲ್ಲಲು ಅಳುತ್ತಿದ್ದರೆ, ಊಟ ಬಿಡುತ್ತಿದ್ದರೆ, ‘ನಾನು ಅವಳ ಹಾಗೆ ಏಕಿಲ್ಲ?’ ಎಂದು ಮತ್ತೆ ಮತ್ತೆ ಕೊರಗುತ್ತಿದ್ದರೆ ಅದನ್ನು ಆಟವೆಂದು ತಳ್ಳಿಹಾಕದೆ ವೈದ್ಯರ ಸಲಹೆ ಪಡೆಯಬೇಕು. ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಅಲ್ಲಿ ಆಪ್ತಸಲಹೆ ದೊರೆಯುತ್ತದೆ. ಪರಭಾಷೆಯಲ್ಲಿ ಮನಸ್ಸು ಬಿಚ್ಚಲಾರದ ಹೊರನಾಡ ತಾಯಂದಿರಿಗೆ ಇದು ಸಣ್ಣ ಅನುಕೂಲವಲ್ಲ.

ಹಣದ ವಿಷಯವನ್ನು ಚಿಕ್ಕದಾಗಿ ಹೇಳುವುದಾದರೆ, ಅಲ್ಲಿನ ಅಂಗಿ, ಕೇಶಾಲಂಕಾರಗಳಲ್ಲಿ ಅನೇಕವು ನಿಜವಾದ ದುಡ್ಡಿಗೆ ಬರುತ್ತವೆ. ಪುಕ್ಕಟೆ ಉಡುಪುಗಳೂ ಸಾಕಷ್ಟಿವೆ. ಮೊದಲ ತಿಂಗಳು ಅವೇ ಸಾಕು. ಮಕ್ಕಳ ಅವತಾರದಲ್ಲಿ ನಿಜವಾದ ಹೆಸರು, ಶಾಲೆಯ ಗುರುತು ಇರಕೂಡದು.

ಹಿರಿಯರಿಗೆ ಒಂದು ಮಾತು. ಇಪ್ಪತ್ತರ ತರುಣಿಯ ರೂಪದಲ್ಲಿ ಹೋದ ಅಜ್ಜಿಯನ್ನು ಬೋಸ್ಟನ್ನಿನ ಮೊಮ್ಮಗನು ಗುರುತಿಸುವುದಾದರೂ ಹೇಗೆ? ನರೆಗೂದಲು, ಕನ್ನಡಕಗಳೂ ಅಲ್ಲಿ ದೊರೆಯುತ್ತವೆ. 2022ರಲ್ಲಿ ಮೆಟಾ ಸಂಸ್ಥೆಯು ತನ್ನ ಅವತಾರಗಳಿಗೆ ಗಾಲಿಕುರ್ಚಿಯನ್ನೂ ಶ್ರವಣಸಾಧನವನ್ನೂ ಸೇರಿಸಿತು. ಕಿವಿಯ ಯಂತ್ರವನ್ನು ಸೆರಗಿನಲ್ಲಿ ಮರೆಮಾಡುವವರು ಅಲ್ಲಿ ಒಮ್ಮೆ ಧೈರ್ಯವಾಗಿ ತೊಟ್ಟು ನೋಡಬಹುದು. ಕಣ್ಣಿಗೆ ಕಟ್ಟುವ ಹೆಡ್‌ಸೆಟ್ಟಿನ ಮೂಲಕ ಪ್ರವೇಶಿಸುವವರು ಮೊದಮೊದಲು ಕುರ್ಚಿಯಲ್ಲಿ ಕುಳಿತೇ ಅಭ್ಯಾಸ ಮಾಡಬೇಕು. ತಲೆ ಸುತ್ತಿದರೆ, ವಾಕರಿಕೆ ಬಂದರೆ ಒಡನೆಯೇ ತೆಗೆದಿಟ್ಟು, ಪೂರ್ತಿ ಸರಿಹೋಗುವವರೆಗೆ ಮೆಟ್ಟಿಲು ಹತ್ತುವುದನ್ನೂ ಸ್ಕೂಟರು ನಡೆಸುವುದನ್ನೂ ಮಾಡಕೂಡದು.