ಮೂಗಿನ ಆಪರೇಶನ್ ಆದ ಮೇಲೆ

ನಮ್ಮ ಪೊಳಲಿಯ ಕಡೆ ಶೀತವನ್ನು ಯಾರೂ ರೋಗ ಎನ್ನುವುದಿಲ್ಲ. ಕರಿಮೆಣಸಿನ ಕಷಾಯ ಕುಡಿದರೆ ಹೋಗುತ್ತದೆ ಎನ್ನುತ್ತೇವೆ. ಹೆಚ್ಚಿನ ಶೀತ ಹೋಗುತ್ತದೆ, ನಿಜ. ಕೆಲವರದು ಮಾತ್ರ ಹೋಗುವುದೇ ಇಲ್ಲ. ಮೂಗು ಕಟ್ಟುತ್ತದೆ. ಕೆನ್ನೆ, ಹಣೆ ಭಾರ. ರಾತ್ರಿ ನಿದ್ದೆ ಇಲ್ಲ. ಮಲ್ಲಿಗೆಯ ಪರಿಮಳ ತಿಳಿಯದು. ಗಂಜಿ ಅಡಿ ಹಿಡಿದರೂ ತಿಳಿಯದು. ಮೂರು ತಿಂಗಳು ಹೀಗೇ ಇದ್ದರೆ ಅದು ಹಳೆಯ ಸೈನಸ್ ತೊಂದರೆ ಇರಬಹುದು.

ಸೈನಸ್ ಎಂದರೇನು? ಮೂಗಿನ ಸುತ್ತಲಿನ ಎಲುಬುಗಳಲ್ಲಿ ಗಾಳಿ ತುಂಬಿದ ಗೂಡುಗಳಿವೆ. ಅವುಗಳ ಸಣ್ಣ ಬಾಗಿಲು ಮೂಗಿನೊಳಗೆ ತೆರೆಯುತ್ತದೆ. ಬಾಗಿಲು ಬಾತು ಮುಚ್ಚಿದರೆ ಸಿಂಬಳ ಒಳಗೇ ನಿಲ್ಲುತ್ತದೆ. ಮೊದಲು ಔಷಧಿ ಕೊಡುತ್ತಾರೆ. ಗುಣವಾಗದಿದ್ದರೆ ಮೂಗಿನೊಳಗೆ ದುರ್ಬೀನು ಹಾಕಿ ಬಾಗಿಲನ್ನು ಅಗಲ ಮಾಡುತ್ತಾರೆ. ಮುಖ ಕೊಯ್ಯುವುದಿಲ್ಲ. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಯಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಇದೆ.

ಆಪರೇಶನ್ ಆದವರು ಸುಖವಾಗಿದ್ದಾರೆಯೇ? ಇದನ್ನು ತಿಳಿಯಲು ಡಾಕ್ಟರರ ಬಳಿ 22 ಪ್ರಶ್ನೆಗಳ ಪಟ್ಟಿ ಇದೆ. ನಿದ್ದೆ ಬರುತ್ತದೆಯೇ? ವಾಸನೆ ತಿಳಿಯುತ್ತದೆಯೇ? ಕೆಲಸದಲ್ಲಿ ಮನಸ್ಸು ನಿಲ್ಲುತ್ತದೆಯೇ? ಪ್ರತಿಯೊಂದಕ್ಕೂ 0ಯಿಂದ 5ರವರೆಗೆ ಮಾರ್ಕು. ಈ ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಂದಷ್ಟೂ ಒಳ್ಳೆಯದು! ಆಪರೇಶನ್ ಆದ ಹೆಚ್ಚಿನವರ ಮಾರ್ಕು ಇಳಿಯುತ್ತದೆ. ಮೂಗು ಬಿಡುತ್ತದೆ, ನಿದ್ದೆ ಬರುತ್ತದೆ. ವಾಸನೆ ಮಾತ್ರ ಎಲ್ಲರಿಗೂ ಪೂರ್ತಿ ಮರಳುವುದಿಲ್ಲ.

"ಆಪರೇಶನ್ ಆಯಿತಲ್ಲ, ಇನ್ನು ಔಷಧಿ ಯಾಕೆ?" ಎಂದು ಕೇಳುವವರಿದ್ದಾರೆ. ತಪ್ಪುವುದು ಇಲ್ಲೇ. ಬಾಗಿಲು ದೊಡ್ಡದಾಯಿತು, ಆದರೆ ಬಾತುಕೊಳ್ಳುವ ಗುಣ ಹೋಗಲಿಲ್ಲ. ಮೂಗಿನಲ್ಲಿ ದುರ್ಮಾಂಸ ಇದ್ದವರಿಗೆ ಅದು ಮತ್ತೆ ಬೆಳೆಯಬಹುದು. ಆದ್ದರಿಂದ ಡಾಕ್ಟರು ಹೇಳುವಷ್ಟು ಕಾಲ ಮೂಗಿಗೆ ಸ್ಪ್ರೇ ಬಿಡಬೇಕು, ಉಪ್ಪುನೀರಿನಲ್ಲಿ ಮೂಗು ತೊಳೆಯಬೇಕು. ಕರೆದ ದಿನ ಹೋಗಿ ತೋರಿಸಬೇಕು. ಬಸ್ಸಿನ ಖರ್ಚು ನೋಡಿ ಬಿಡಬೇಡಿ. ಬೀಡಿ ಕಟ್ಟುವ ಅಕ್ಕಂದಿರೇ, ಹೊಗೆಸೊಪ್ಪಿನ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ.

ಮೂಗು ತೊಳೆಯುವ ನೀರು ಕುದಿಸಿ ಆರಿಸಿದ್ದೇ ಆಗಬೇಕು. ದೊಡ್ಡ ಲೋಟ ನೀರಿಗೆ ಅರ್ಧ ಚಮಚ ಅಯೋಡಿನ್ ಇಲ್ಲದ ಉಪ್ಪು, ಒಂದು ಚಿಟಿಕೆ ಅಡುಗೆ ಸೋಡ. ನಮ್ಮ ಬಾವಿಯ ನೀರು ಶುದ್ಧ, ಕುಡಿಯುವುದಿಲ್ಲವೇ ಎನ್ನಬೇಡಿ. ಹೊಟ್ಟೆಗೆ ಹೋದರೆ ಏನೂ ಮಾಡದ ಅಮೀಬಾ ಎಂಬ ಸೂಕ್ಷ್ಮಜೀವಿ ಮೂಗಿನಿಂದ ಮಿದುಳಿಗೆ ಏರಬಲ್ಲದು. 2024 ಮತ್ತು 2025ರಲ್ಲಿ ಪಕ್ಕದ ಕೇರಳದಲ್ಲಿ ಇಂಥ ಮಿದುಳು ಜ್ವರದಿಂದ ಜನ ಸತ್ತಿದ್ದಾರೆ. ಫಲ್ಗುಣಿ ಹೊಳೆಯ ನೀರೂ ಬೇಡ, ಕೆರೆಯ ನೀರೂ ಬೇಡ.

ಆಪರೇಶನ್ ಆದ ಮೇಲೆ ರಕ್ತ ನಿಲ್ಲದಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಕಣ್ಣು ಬಾತರೆ, ಮೂಗಿನಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ, ಜ್ವರದೊಂದಿಗೆ ಕುತ್ತಿಗೆ ಬಿಗಿದರೆ ಬೆಳಗಾಗುವವರೆಗೆ ಕಾಯಬೇಡಿ. ರಾತ್ರಿಯೇ ಆಸ್ಪತ್ರೆಗೆ ಹೊರಡಿ. ಆಪರೇಶನಿನ ಚೀಟಿ ಕೈಯಲ್ಲಿರಲಿ.