ಕಟ್ಟಿಗೆ ಒಡೆಯಲು ಎಂಥ ಕೊಡಲಿ?

ಕಾಗವಾಡದ ಹತ್ತಿರ ಒಂದು ಹಳ್ಳಿ. ಊರ ಸುತ್ತ ಕಬ್ಬು. ಕಬ್ಬು ಕಡಿಯುವ ಕಾಲ ಬಂದರೆ ಗಂಡಸರು ನಸುಕಿನಲ್ಲೇ ಹೊಲಕ್ಕೆ ಹೋಗುತ್ತಾರೆ. ಉಗಾರದ ಸಕ್ಕರೆ ಕಾರ್ಖಾನೆಗೆ ಕಬ್ಬು ಮುಟ್ಟಿಸಿ ತಿರುಗಿ ಬರುವಾಗ ರಾತ್ರಿ ಆಗಿರುತ್ತದೆ. ಹಾಗಾದರೆ ಮನೆಯಲ್ಲಿ ಕಟ್ಟಿಗೆ ಒಡೆಯುವವರು ಯಾರು? ಹೆಣ್ಣುಮಕ್ಕಳೇ.

ಒಂದು ಮನೆಯಲ್ಲಿ ಸೊಸೆ ಇದ್ದಳು. ಮನೆಗೆ ಗ್ಯಾಸ್ ಬಂದಿತ್ತು. ಆದರೂ ರೊಟ್ಟಿ ಬಡಿಯಲು ಒಲೆ ಬೇಕು. ನೀರು ಕಾಸುವ ಬಂಬಕ್ಕೆ ಕಟ್ಟಿಗೆ ಬೇಕು. ಹಿತ್ತಲಲ್ಲಿ ಜಾಲಿಯ ದಿಮ್ಮಿಗಳು ಬಿದ್ದಿದ್ದವು. ಗಂಡ ಮಿರಜ ಪೇಟೆಯಿಂದ ಹೊಸ ಕೊಡಲಿ ತಂದುಕೊಟ್ಟಿದ್ದ. ಅಲಗು ತೆಳ್ಳಗೆ, ಬಲು ಹರಿತ. ಫಳಫಳ ಹೊಳೆಯುತ್ತಿತ್ತು.

ಸೊಸೆ ದಿಮ್ಮಿಗೆ ಹೊಡೆದಳು. ಕೊಡಲಿ ಒಳಗೆ ಹೋಯಿತು. ಆದರೆ ದಿಮ್ಮಿ ಸೀಳಲಿಲ್ಲ. ಕೊಡಲಿ ಅಲ್ಲೇ ಸಿಕ್ಕಿಕೊಂಡಿತು. ಕಾವು ಹಿಡಿದು ಅತ್ತ ಇತ್ತ ಅಲುಗಾಡಿಸಿ ಕಿತ್ತಳು. ಮತ್ತೆ ಹೊಡೆದಳು. ಮತ್ತೆ ಸಿಕ್ಕಿತು. ಎರಡು ದಿನ ಇದೇ ಆಯಿತು. ಮೂರನೆಯ ದಿನ ಕೊಡಲಿ ಎತ್ತಿದಳು. ಕೈ ಒಮ್ಮೆಲೆ ಹಗುರಾಯಿತು. ನೋಡಿದರೆ ಕೈಯಲ್ಲಿ ಬರೀ ಕಾವು! ಅಲಗು ಹಿಂದಕ್ಕೆ ಹಾರಿ ಎಮ್ಮೆಯ ಗ್ವಾದಲಿಗೆ ಬಡಿದಿತ್ತು. ಅಲ್ಲಿ ಆಡುತ್ತ ಕುಳಿತಿದ್ದ ಮಗು ಆಗಷ್ಟೇ ಎದ್ದು ಒಳಗೆ ಹೋಗಿತ್ತು.

ಆ ಹೊತ್ತು ಅವಳು ಕಟ್ಟಿಗೆ ಮುಟ್ಟಲಿಲ್ಲ. ಅಲಗು, ಕಾವು ಎರಡೂ ತೆಗೆದುಕೊಂಡು ಕಂಬಾರ ಅಜ್ಜನ ಕುಲುಮೆಗೆ ಹೋದಳು.

ಅಲ್ಲಿ ಕುಳಿತವರೊಬ್ಬರು ನಕ್ಕರು. “ಹೆಣಮಗಳು ಕೊಡಲಿ ಮಾಡಸಾಕ ಬಂದಾಳ ನೋಡ್ರಿ.”

ಅಜ್ಜ ಅವರ ಕಡೆ ನೋಡಲಿಲ್ಲ. “ಮೋಳಿಗೆ ಮಾರಯ್ಯ ಕಟಿಗಿ ಮಾರಿ ಶರಣ ಆದ. ಅದರಾಗ ನಗೂದೇನೈತಿ?” ಅಂದ. ಮಾರಯ್ಯ 12ನೆಯ ಶತಮಾನದ ಶರಣರು. ಕಟ್ಟಿಗೆ ಹೊತ್ತು ಮಾರುವುದೇ ಅವರ ಕಾಯಕ.

ಆಮೇಲೆ ಅಜ್ಜ ಕೇಳಿದ: “ಯವ್ವಾ, ಕಟಿಗಿ ಯಾರು ಒಡೀತೀರಿ?”

“ನಾನs ಯಜ್ಜಾ.”

“ಯಾವ ಕಟಿಗಿ?”

“ಜಾಲಿ. ಒಂದೆರಡು ಬೇವಿನ ದಿಮ್ಮಿನೂ ಅದಾವು.”

“ಈ ಎರಡು ಮಾತು ಅಂಗಡ್ಯಾಗ ಯಾರೂ ಕೇಳಂಗಿಲ್ಲ. ನಿನ್ನ ಕೊಡಲಿ ಕೆಟ್ಟದ್ದಲ್ಲ. ಆದರ ಇದು ಕಡಿಯೂ ಕೊಡಲಿ, ಸೀಳೂ ಕೊಡಲಿ ಅಲ್ಲ.”

ಕಡಿಯುವುದು ಬೇರೆ, ಸೀಳುವುದು ಬೇರೆ. ಕಟ್ಟಿಗೆಯಲ್ಲಿ ಉದ್ದಕ್ಕೂ ಎಳೆಗಳು ಇರುತ್ತವೆ. ಟೊಂಗೆಯನ್ನು ಅಡ್ಡಲಾಗಿ ಕಡಿಯುವಾಗ ಆ ಎಳೆಗಳನ್ನು ಕತ್ತರಿಸಬೇಕು. ಅದಕ್ಕೆ ತೆಳ್ಳಗಿನ, ಹರಿತವಾದ ಅಲಗು ಬೇಕು. ದಿಮ್ಮಿ ಸೀಳುವಾಗ ಎಳೆ ಕತ್ತರಿಸುವುದಿಲ್ಲ. ಒಂದರಿಂದ ಒಂದನ್ನು ಬಿಡಿಸಿದರೆ ಸಾಕು. ಅದಕ್ಕೆ ಹೊಟ್ಟೆ ದಪ್ಪ ಇರುವ ಕೊಡಲಿ ಬೇಕು. ಬಾಯಿ ಒಳಗೆ ಹೋಗುತ್ತದೆ. ಹೊಟ್ಟೆ ಎರಡೂ ಕಡೆ ಒತ್ತಿ ದಿಮ್ಮಿಯನ್ನು ಬಿಚ್ಚುತ್ತದೆ. ತೆಳ್ಳಗಿನ ಕೊಡಲಿ ಒತ್ತುವುದಿಲ್ಲ, ಸಿಕ್ಕಿಕೊಳ್ಳುತ್ತದೆ.

“ಬೆಲ್ಲದ ಪೆಂಟಿ ಒಡಿಯಾಕ ಚಾಕು ತಗೋತಿಯೇನವಾ?” ಅಂತ ಅಜ್ಜ ಕೇಳಿದ. ಸೊಸೆಗೆ ತಿಳಿಯಿತು.

ಮುಂದೆ ತೂಕದ ಮಾತು. ಭಾರವಾದ ಕೊಡಲಿ ಚೆನ್ನಾಗಿ ಸೀಳುತ್ತದೆ, ನಿಜ. ಆದರೆ ದಣಿದ ಕೈಯಲ್ಲಿ ಭಾರದ ಕೊಡಲಿ ಎಲ್ಲಿ ಬೀಳುತ್ತದೋ ಹೇಳಲಾಗದು. ಅಜ್ಜ ಎರಡು ಕೊಡಲಿ ಕೊಟ್ಟ. ಒಂದು ಎರಡೂವರೆ ಕಿಲೋ, ಇನ್ನೊಂದು ಒಂದೂವರೆ ಕಿಲೋ. “ಎದಿ ಮಟ ಎತ್ತಿ ಹಿಡಿ. ಹತ್ತು ಎಣಸು.” ದೊಡ್ಡದು ಹಿಡಿದಾಗ ಆರಕ್ಕೇ ಕೈ ನಡುಗಿತು. ಸಣ್ಣದನ್ನು ಹತ್ತರ ತನಕ ಹಿಡಿದಳು. “ಇದು ನಿಂದು. ಅದು ನಿನ್ನ ಗಂಡಂದು” ಅಂದ ಅಜ್ಜ. ನನ್ನನ್ನು ಕೇಳಿದರೆ, ಕೊಡಲಿ ಕೊಳ್ಳುವ ಮೊದಲು ಎಲ್ಲರೂ ಹೀಗೆ ಎತ್ತಿ ನೋಡಬೇಕು. ಚಪ್ಪಲಿ ಕೊಳ್ಳುವಾಗ ಮೆಟ್ಟಿ ನೋಡುತ್ತೇವೆ. ಕೊಡಲಿಯನ್ನು ಯಾಕೆ ನೋಡಬಾರದು?

ಕಾವಿನ ಮಾತು ಎಲ್ಲಕ್ಕಿಂತ ಮುಖ್ಯ. ಅಲಗು ಹಾರಿದ್ದು ಕಾವು ಸಡಿಲಾಗಿದ್ದರಿಂದ. ಬಹಳ ಮಂದಿ ಕಾವು ಸಡಿಲಾದರೆ ಕೊಡಲಿಯನ್ನು ನೀರಿನಲ್ಲಿ ನೆನೆ ಇಡುತ್ತಾರೆ. ಕಟ್ಟಿಗೆ ಉಬ್ಬಿ ಬಿಗಿ ಆಗುತ್ತದೆ. ಆದರೆ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲಾಗುತ್ತದೆ. ಮೊಳೆ ಹೊಡೆಯುವುದೂ ಸರಿಯಲ್ಲ, ಕಾವು ಸೀಳುತ್ತದೆ. ಕಾವಿನ ತುದಿಗೆ ಸೀಳು ಮಾಡಿ, ಒಣ ಕಟ್ಟಿಗೆಯ ಸಣ್ಣ ಬೆಣೆ ಹೊಡೆದು ಬಿಗಿ ಮಾಡಬೇಕು. ಕಾವಿಗೆ ಒಣಗಿದ ಜಾಲಿ ಒಳ್ಳೆಯದು. ಎಳೆ ನೆಟ್ಟಗಿರಬೇಕು, ಗಂಟು ಇರಬಾರದು. ಕಾಡಿನ ಕಡೆಯವರು ತಡಸಲು ಮರದ ಕಾವು ಹಾಕುತ್ತಾರೆ. ಅದೂ ಗಟ್ಟಿ.

ಕಾವು ಎಷ್ಟು ಉದ್ದ ಬೇಕು? ಕೊಡಲಿಯನ್ನು ನೆಲಕ್ಕೆ ಊರಿ ನಿಂತರೆ ಕಾವಿನ ತುದಿ ಸೊಂಟಕ್ಕಿಂತ ತುಸು ಕೆಳಗೆ ಬರಬೇಕು. ತೀರ ಗಿಡ್ಡ ಕಾವು ಬೇಡ. ಗುರಿ ತಪ್ಪಿದರೆ ಗಿಡ್ಡ ಕಾವಿನ ಕೊಡಲಿ ಕಾಲಿಗೇ ಬರುತ್ತದೆ.

“ಬೇವಿಗೆ ಏನು ಮಾಡ್ಲಿ ಯಜ್ಜಾ?”

“ಬೇವಿನ ಎಳಿ ಹೆಣಕೊಂಡಿರ್ತಾವ. ಕೊಡಲಿಗೆ ಬಗ್ಗಂಗಿಲ್ಲ. ಅದಕ್ಕ ಬೆಣಿ ಬೇಕು.”

ಕಬ್ಬಿಣದ ಬೆಣೆ ಒಂದು, ಒಣ ಜಾಲಿಯ ಬೆಣೆ ಒಂದು, ದೊಡ್ಡ ಸುತ್ತಿಗೆ ಒಂದು. ಇಷ್ಟಿದ್ದರೆ ಎಂಥ ದಿಮ್ಮಿಯೂ ಬಿಡುತ್ತದೆ. ದಿಮ್ಮಿಯಲ್ಲಿ ಬಿರುಕು ಎಲ್ಲಿದೆ ನೋಡಬೇಕು. ಅಲ್ಲಿ ಬೆಣೆ ಇಟ್ಟು ಮೆಲ್ಲಗೆ ಬಡಿದು ನಿಲ್ಲಿಸಬೇಕು. ಆಮೇಲೆ ಜೋರಾಗಿ ಹೊಡೆಯಬೇಕು. ಬೆಣೆ ಸಿಕ್ಕಿಕೊಂಡರೆ ಬಿರುಕಿನ ಮುಂದೆ ಎರಡನೆಯ ಬೆಣೆ ಹೊಡೆದರೆ ಮೊದಲನೆಯದು ತಾನೇ ಸಡಿಲಾಗುತ್ತದೆ. ಸುತ್ತಿಗೆಯನ್ನು ಎಲ್ಲರೂ ಕೊಳ್ಳಬೇಕೆಂದಿಲ್ಲ. ಓಣಿಗೆ ಒಂದಿದ್ದರೆ ಸಾಕು.

ಒಂದು ಎಚ್ಚರ. ಕೊಡಲಿಯ ಹಿಂಬದಿಯಿಂದ ಬೆಣೆ ಹೊಡೆಯಬೇಡಿ. ಕಾವಿನ ತೂತು ಅಗಲವಾಗುತ್ತದೆ, ಇಲ್ಲವೇ ಸೀಳುತ್ತದೆ. ಹೊಡೆದು ಹೊಡೆದು ಬೆಣೆಯ ತಲೆ ಅಣಬೆಯ ಹಾಗೆ ಹರಡಿದ್ದರೆ ಕಂಬಾರರಲ್ಲಿ ಸರಿ ಮಾಡಿಸಿ. ಹರಡಿದ ಅಂಚಿನಿಂದ ಕಬ್ಬಿಣದ ಚೂರು ಸಿಡಿದು ಕಣ್ಣಿಗೆ ಬೀಳಬಹುದು.

ಜಾಲಿ, ನೀಲಗಿರಿ ಹಸಿ ಇರುವಾಗಲೇ ಒಡೆಯಿರಿ. ಒಣಗಿದ ಮೇಲೆ ಬಲು ಗಟ್ಟಿ. ಸೀಳಿದ ಕಟ್ಟಿಗೆ ಬೇಗ ಒಣಗುತ್ತದೆ, ಹೊಗೆ ಕಡಿಮೆ. ಒಟ್ಟುವಾಗ ಎತ್ತರದ ಜಾಗ ನೋಡಿ. ಕೃಷ್ಣಾ ದಂಡೆಯ ಜುಗೂಳ, ಮಂಗಾವತಿಯವರಿಗೆ ಇದನ್ನು ಹೇಳಬೇಕಿಲ್ಲ. 2019ರ ಮಹಾಪೂರ ಅವರು ಕಂಡದ್ದೇ.

ಅಜ್ಜ ಲಾರಿಯ ಹಳೆಯ ಕಮಾನು ಪಟ್ಟಿಯ ಉಕ್ಕನ್ನು ಬಾಯಿಗೆ ಹಾಕಿ ಹೊಟ್ಟೆ ದಪ್ಪನ ಕೊಡಲಿ ಮಾಡಿಕೊಟ್ಟ. ಹಿಂದೆ ಕಂಬಾರರಿಗೆ ಸುಗ್ಗಿಯಲ್ಲಿ ಆಯ ಅಂತ ಕಾಳು ಕೊಡುತ್ತಿದ್ದರು. ಸೊಸೆ ರೊಕ್ಕವನ್ನೇ ಕೊಟ್ಟಳು. ಹಳೆಯ ಕೊಡಲಿಗೂ ಹೊಸ ಕಾವು ಹಾಕಿಸಿಕೊಂಡಳು. ಅದು ಟೊಂಗೆ ಕಡಿಯಲು.

ಹೊರಡುವಾಗ ಅಜ್ಜ ಕರೆದ. “ದಿಮ್ಮಿ ಯಾವುದರ ಮ್ಯಾಲ ಇಡ್ತಿ?”

“ನೆಲದ ಮ್ಯಾಲ.”

“ಬ್ಯಾಡ. ಕಲ್ಲಿಗೆ ತಾಗಿ ಬಾಯಿ ಮುಕ್ಕಾಗತೈತಿ. ಹುಣಸಿ ಕೊರಡು ಇದ್ರ ಇಟಗೋ. ಹುಣಸಿ ಸೀಳಂಗಿಲ್ಲ, ಅದಕ್ಕs ಮಾಂಸ ಕೊಚ್ಚಾಕ ಅದನ್ನ ಇಟಗೋತಾರ. ಮತ್ತ ಕೂಸಿನ್ನ ಒಳಗ ಬಿಟ್ಟು ಬಾಗಲಾ ಹಾಕು.”

ಈಗ ಅವಳ ಹಿತ್ತಲಲ್ಲಿ ಮೊಣಕಾಲೆತ್ತರದ ಹುಣಸೆ ಕೊರಡು ಇದೆ. ಅವಳು ಸೆರಗು ಬಿಗಿದು ಸಿಕ್ಕಿಸುತ್ತಾಳೆ, ಕಾಲಿಗೆ ಗಂಡನ ಬೂಟು ಹಾಕುತ್ತಾಳೆ. ಕಾಲು ಅಗಲ ಮಾಡಿ ನಿಲ್ಲುತ್ತಾಳೆ. ದೊಡ್ಡ ದಿಮ್ಮಿಗೆ ನಡುವೆ ಹೊಡೆಯುವುದಿಲ್ಲ, ಅಂಚಿನಿಂದ ಸೀಳುತ್ತ ಬರುತ್ತಾಳೆ. ಬೂಟು ನೋಡಿ ಅತ್ತೆ ನಗುತ್ತಾರೆ. ನಗಲಿ.

ಓದಿ, ಮಾತಾಡಿ, ಬರೆಯಿರಿ

ನಿಮ್ಮ ಮನೆಯ ಕೊಡಲಿ ತೆಗೆದುಕೊಳ್ಳಿ. ಕಾವು ಅಲುಗಾಡುತ್ತದೆಯೇ?
ಅದು ಕಡಿಯುವ ಕೊಡಲಿಯೋ, ಸೀಳುವ ಕೊಡಲಿಯೋ?
ನಿಮ್ಮ ಮನೆಯಲ್ಲಿ ಕಟ್ಟಿಗೆ ಒಡೆಯುವವರು ಯಾರು? ಅವರ ಹೆಸರು ಬರೆಯಿರಿ.