ಹಿಂಬದಿಯ 1813

ನಮ್ಮೂರು ಕೊಣ್ಣೂರಿನಿಂದ ತಮ್ಮ ಫೋನ್ ಮಾಡಿದಾಗ ಮೊದಲು ಹೇಳಿದ್ದೇ ರೇಟು. ‘ಅಣ್ಣಾ, ಅಜ್ಜನ ಶಿಲುಬಿಗೆ ಇನ್ನೂರು ವರ್ಷ ಆಗ್ಯಾವು. ಹಿಂದ 1813 ಅಂತ ಬರದೈತಿ. ಕಡಿಮಿ ಅಂದ್ರೂ ಐದು ಲಕ್ಷ!’

ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿದ್ದ. 1944ರಲ್ಲಿ ಇಟಲಿಯಲ್ಲಿ ಜರ್ಮನ್ನರ ಎದುರು ಕಾದಾಡಿ ಬರುವಾಗ ಈ ಕಪ್ಪು ಶಿಲುಬೆಯನ್ನು ಟ್ರಂಕಿನಲ್ಲಿ ತಂದಿದ್ದ. ನಡುವೆ ಸ್ವಸ್ತಿಕ ಇದ್ದುದರಿಂದ ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟಳು. ಹಿಟ್ಲರನ ಸ್ವಸ್ತಿಕ ಓರೆಯಾಗಿ ಮೂಲೆಯ ಮೇಲೆ ನಿಂತಿದೆ ಎಂಬುದು ಆಕೆಗೇನು ಲೆಕ್ಕ? ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಕುಂಕುಮ ಇಡುತ್ತಿದ್ದಳು.

1813 ತಮ್ಮನನ್ನು ಮೋಸಗೊಳಿಸಿತ್ತು. ನೆಪೋಲಿಯನ್ ವಿರುದ್ಧದ ಯುದ್ಧಕ್ಕೆಂದು ಪ್ರಷ್ಯಾದ ಅರಸ ಈ ‘ಐರನ್ ಕ್ರಾಸ್’ ಆರಂಭಿಸಿದ ವರ್ಷ ಅದು. ಮುಂದಿನ ಯುದ್ಧಗಳ ಶಿಲುಬೆಗಳ ಬೆನ್ನಿಗೂ ಅದನ್ನೇ ಅಚ್ಚೊತ್ತಿದರು. ಯಾವ ಯುದ್ಧದ್ದೆಂದು ತಿಳಿಯಲು ಮುಂಬದಿ ನೋಡಬೇಕು: ಕಿರೀಟ, ಡಬ್ಲ್ಯೂ ಅಕ್ಷರ, 1914 ಇದ್ದರೆ ಮೊದಲ ಮಹಾಯುದ್ಧ, ಸ್ವಸ್ತಿಕ, 1939 ಇದ್ದರೆ ಎರಡನೆಯದು. ನಮ್ಮದು 1939ರದು. ತಮ್ಮನ ಲೆಕ್ಕದಲ್ಲಿ ಒಂದೇ ಏಟಿಗೆ 126 ವರ್ಷ ಹಾರಿಹೋಯಿತು.

ಮುಂಬದಿಯ ವರ್ಷವನ್ನಾದರೂ ಕಣ್ಣುಮುಚ್ಚಿ ನಂಬಬೇಕೆ? ನಮ್ಮೂರ ಪರಮೇಶ್ವರ ಗುಡಿಯ ಶಾಸನವನ್ನೇ ನೋಡಿ. ಅಮೋಘವರ್ಷ ನೃಪತುಂಗನ ದಾನದ ಆ ಕಲ್ಲಿನಲ್ಲಿರುವ ಕಾಲ ಕ್ರಿ.ಶ. 860. ಆದರೆ ಅಕ್ಷರದ ಸ್ವರೂಪ ನೋಡಿ, ಕಲ್ಲು ಅದಕ್ಕಿಂತ ಕೆಲವು ಶತಮಾನ ಈಚಿನದು ಎಂದು ವಿದ್ವಾಂಸ ಕೀಲ್‌ಹಾರ್ನ್ ತೀರ್ಮಾನಿಸಿದ. ಹಳೆಯ ತಾಮ್ರಪಟದಿಂದ ನಕಲು ಮಾಡಿಸಿದ್ದಾಗಿ ಕಲ್ಲೇ ಹೇಳುತ್ತದೆ. ಕೀಲ್‌ಹಾರ್ನ್ ಜರ್ಮನ್ ಎಂಬುದು ನೆನಪಾಗಿ ನಗು ಬಂತು. ಅವನು ನಮ್ಮೂರ ಕಲ್ಲನ್ನು ಪರೀಕ್ಷಿಸಿದ. ನಾನು ಅವನ ನಾಡಿನ ಕಬ್ಬಿಣವನ್ನು ಹಿಡಿದು ಹೊರಟಿದ್ದೆ.

ಮೊದಲು ಹೋದ ಅಂಗಡಿಯವನು ನೋಡಿದವನೇ ‘ನಕಲಿ’ ಎಂದ. ಉಸಿರು ಬಿಡುವ ಮೊದಲೇ ‘ಐನೂರು ಕೊಡ್ತೀನಿ, ಬಿಟ್ಟು ಹೋಗ್ರಿ’ ಎಂದ. ನಕಲಿಗೆ ಐನೂರು ಯಾಕಪ್ಪಾ ಅನ್ನಿಸಿ ವಾಪಸ್ ಜೇಬಿಗಿಟ್ಟೆ.

ಎರಡನೆಯವರು ಹವ್ಯಾಸಿ ಸಂಗ್ರಾಹಕರು. ಭೂತಗನ್ನಡಿ ಕೊಟ್ಟು ಅಂಚು ನೋಡಲು ಹೇಳಿದರು. ಅಸಲಿ ಶಿಲುಬೆ ಮೂರು ತುಂಡಿನದು: ಕಪ್ಪು ಬಣ್ಣದ ಕಬ್ಬಿಣದ ತಿರುಳು, ಅದನ್ನು ಎರಡೂ ಕಡೆಯಿಂದ ಅಪ್ಪಿದ ಚೌಕಟ್ಟು. ಅಂಚಿನ ಸುತ್ತ ಬೆಸುಗೆಯ ಗೆರೆ ಕಾಣಬೇಕು. ಅಗ್ಗದ ನಕಲಿಯನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುತ್ತಾರೆ. ಗೆರೆ ಇರುವುದಿಲ್ಲ, ಚೌಕಟ್ಟಿನ ಸಣ್ಣ ಮಣಿಗಳು ಬೆಣ್ಣೆಯಂತೆ ಕರಗಿ ಕೂತಿರುತ್ತವೆ. ಅಯಸ್ಕಾಂತಕ್ಕೆ ಅಂಟಿತೆಂದು ಕುಣಿಯಬೇಡಿ, ನಕಲಿಗೂ ಕಬ್ಬಿಣ ಹಾಕಬಹುದು. ನಮ್ಮ ಶಿಲುಬೆಯ ಪಕ್ಕಾ ಸಾಕ್ಷಿ ಕೊಟ್ಟದ್ದು ಮಲಪ್ರಭೆ. 2019ರ ಆಗಸ್ಟ್ ಪ್ರವಾಹದಲ್ಲಿ ಜಗಲಿಯೂ ಮುಳುಗಿತ್ತು. ತಿರುಳು ಮಾತ್ರ ತುಕ್ಕು ಹಿಡಿದು ಉಬ್ಬಿತ್ತು, ಚೌಕಟ್ಟು ಬರೀ ಕಪ್ಪಾಗಿತ್ತು. ಎರಡು ಲೋಹ ಎಂಬುದು ಬರಿಗಣ್ಣಿಗೇ ಕಾಣುತ್ತಿತ್ತು.

‘ಅಸಲಿ’ ಎಂದರು. ರೇಟು? ನಾಲ್ಕು ಸಾವಿರ. ಎರಡನೆಯ ಮಹಾಯುದ್ಧದಲ್ಲಿ ಈ ಎರಡನೇ ದರ್ಜೆಯ ಶಿಲುಬೆಯನ್ನು 20 ಲಕ್ಷಕ್ಕೂ ಹೆಚ್ಚು ಜನರಿಗೆ ಹಂಚಿದ್ದಾರೆ. ಮೇಲಾಗಿ ರಿಬ್ಬನ್ ಇಲ್ಲ, ತುಕ್ಕು ಬೇರೆ. ಹೆಚ್ಚಿನ ಪೆಟ್ಟು ಹುಣಸೆಹಣ್ಣಿನದು. ಕಪ್ಪು ಬಣ್ಣವೆಲ್ಲ ಎದ್ದುಹೋಗಿತ್ತು. ಪದಕ ತೊಳೆದಷ್ಟೂ ಬೆಲೆ ಇಳಿಯುತ್ತದಂತೆ. ನನ್ನ ಓಡಾಟಕ್ಕೇ 1,400 ರೂಪಾಯಿ ಮುಗಿದಿತ್ತು.

‘ಇದನ್ನ ತಂದವರದು ಏನಾದರೂ ಇದೆಯಾ?’ ಎಂದು ಅವರು ಕೇಳದಿದ್ದರೆ ಅಜ್ಜನ ಸ್ವಂತ ಪದಕವನ್ನು ನಾನು ಹೊರಗೆ ತೆಗೆಯುತ್ತಲೇ ಇರಲಿಲ್ಲ. ದುಂಡಗಿನ ‘ವಾರ್ ಮೆಡಲ್’. ತಾಮ್ರ–ನಿಕಲ್ ಮಿಶ್ರಣದ್ದು. ಅಪ್ಪ ಕಷ್ಟಕಾಲದಲ್ಲಿ ಒಯ್ದಾಗ ಪತ್ತಾರರು ಒರೆಗೆ ತಿಕ್ಕಿ ‘ಬೆಳ್ಳಿ ಅಲ್ರೀ’ ಎಂದು ವಾಪಸ್ ಕೊಟ್ಟಿದ್ದರು, ಅದರಿಂದಲೇ ಉಳಿಯಿತು. ಮೊದಲ ಯುದ್ಧದ್ದಾಗಿದ್ದರೆ ಬೆಳ್ಳಿಯದಾಗಿರುತ್ತಿತ್ತು, ಮೂಸೆ ಸೇರುತ್ತಿತ್ತು. ಸಂಗ್ರಾಹಕರು ಅಂಚು ತಿರುಗಿಸಿದರು: ನಂಬರು, ಸಿಪಾಯಿ, ಅಜ್ಜನ ಹೆಸರು, ಪಲ್ಟನ್ನು. ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದೆ ಕೊಟ್ಟ ಈ ಪದಕವನ್ನು ಭಾರತದವರಿಗೆ ಹೆಸರು ಒತ್ತಿ ಕೊಟ್ಟಿದ್ದರು. ಡಿಸ್ಚಾರ್ಜ್ ಬುಕ್ಕಿನಲ್ಲೂ ಅದೇ ನಂಬರು ಇದ್ದರೆ ಶಿಲುಬೆ, ಪದಕ, ಬುಕ್ಕು ಮೂರನ್ನೂ ಸೇರಿಸಿ ಹದಿನೈದು ಸಾವಿರ ಎಂದರು.

ಬುಕ್ಕು ಟ್ರಂಕಿನಲ್ಲಿತ್ತು. ನೀರು ಕುಡಿದು ರೊಟ್ಟಿಯಂತೆ ದಪ್ಪಗಾಗಿದ್ದ ಹಾಳೆಗಳಲ್ಲಿ ಆ ನಂಬರಿನ ಕೊನೆಯ ಮೂರು ಅಂಕಿ ಮಾತ್ರ ಉಳಿದಿವೆ. ಬೆಳಗಾವಿಯ ರೆಜಿಮೆಂಟಿನ ದಾಖಲೆ ವಿಭಾಗಕ್ಕೆ ಪತ್ರ ಬರೆದಿದ್ದೇನೆ.

ಸದ್ಯಕ್ಕೆ ಮಾರುವುದಿಲ್ಲ ಎಂದಾಗ ತಮ್ಮ ಮುಖ ಊದಿಸಿದ. ಅವ್ವ ಶಿಲುಬೆಯನ್ನು ಮತ್ತೆ ಜಗಲಿಗೆ ಏರಿಸಿದಳು. ಇನ್ನು ಹುಣಸೆಹಣ್ಣು ಮುಟ್ಟಿಸಬೇಡ ಎಂದು ಕೈಮುಗಿದು ಹೇಳಿದೆ.

‘ಆತು ಬಿಡು. ಬೂದಿ ಹಚ್ಚಿ ತಿಕ್ಕಿದ್ರ ನಡೀತೈತೇನ?’ ಎಂದಳು.